ಒದ್ದೆ ಕಾಲುಚೀಲದ ಸಾಕ್ಷಿ

ಬೆಳಿಗ್ಗೆ ಆರೂವರೆಗೆ ಹೆಂಡತಿ, ಅತ್ತೆ, ಮಾವನ ಜೊತೆ ಹದಿನಾಲ್ಕನೇ ಕೋಣೆಯಲ್ಲಿ ಇಳಿದಿದ್ದ ಅಳಿಯಂದಿರು ರೆಸಾರ್ಟಿನ ಸ್ವಾಗತದ ಮೇಜಿಗೆ ಓಡೋಡಿ ಬಂದರು. ಆಟದ ಪಾರ್ಕಿನೊಳಗೆ ಬಿಡಬೇಕಾದರೆ ತೋರಿಸಬೇಕಾದ ನಾಲ್ಕು ಕೈಪಟ್ಟಿಗಳೂ ಮಾಯವಾಗಿದ್ದವು.

“ರಾತ್ರಿ ಒಂಬತ್ತಕ್ಕೆ ಬಾಗಿಲ ಪಕ್ಕದ ಮೊಳೆಯಲ್ಲಿ ನೇತಾಡ್ತಿದ್ದವು, ಕಣ್ಣಾರೆ ನೋಡಿದೀನಿ. ಆರಕ್ಕೆ ಕೋಣೆ ಗುಡಿಸೋಳು ಟವೆಲ್ ಇಟ್ಟು ಹೋದಳು. ಆಮೇಲೆ ನೋಡಿದ್ರೆ ಇಲ್ಲ. ಇನ್ನೇನು ಹೇಳ್ಬೇಕು?”

ಮ್ಯಾನೇಜರ್ ಹೆಚ್ಚು ಯೋಚಿಸಲಿಲ್ಲ. “ಹತ್ತು ಗಂಟೆಯೊಳಗೆ ವರದಿ ಬರೆದು ಸಹಿ ಹಾಕು. ಅವಳನ್ನ ಇವತ್ತೇ ಕಳಿಸಿಬಿಡೋಣ,” ಎಂದು ಗುಮಾಸ್ತನಿಗೆ ಹೇಳಿ ಹೋದರು.

ಗುಮಾಸ್ತ ಮೂರು ಸಲ ಬರೆದು ಮೂರು ಸಲ ಹರಿದ. ಅತಿಥಿಗಳು ಬೀಳಿಸಿಹೋದ ಅಂಗಿಗುಂಡಿಯನ್ನೂ ತಂದು ಮೇಜಿನ ಮೇಲಿಡುವವಳು ಅವಳು. ಆದರೆ ತನ್ನ ಅಂದಾಜೇ ತಪ್ಪಾಗಿದ್ದರೆ? ಹಾಕಿದ ಬೀಗವನ್ನು ಎರಡು ಸಲ ಎಳೆದು ನೋಡುವ ಜೀವ ಅವನದು. ಕೊನೆಗೆ, ಕಷ್ಟ ಬಂದಾಗಲೆಲ್ಲ ಹೋಗುವಲ್ಲಿಗೇ ಹೋದ: ಹಿತ್ತಲಿನ ಬಟ್ಟೆ ಒಗೆಯುವ ಮನೆಗೆ.

ಅಲ್ಲಿನ ಮೇಲ್ವಿಚಾರಕಿಯನ್ನು ಎಲ್ಲರೂ ಇಸ್ತ್ರಿ ಅಕ್ಕ ಎನ್ನುತ್ತಿದ್ದರು. ರೆಸಾರ್ಟಿನಲ್ಲಿ ಏನು ಕಳೆದರೂ ಪತ್ತೆ ಮಾಡುತ್ತಿದ್ದವಳು ಆಕೆಯೇ. ಬಾಯಿ ಸುಳ್ಳು ಹೇಳೀತು, ಬಟ್ಟೆ ಹೇಳದು ಎಂಬುದು ಆಕೆಯ ಮಾತು.

“ಹದಿನಾಲ್ಕನೇ ಕೋಣೆನಾ?” ಆಕೆ ಆ ಕೋಣೆಯಿಂದ ಒಗೆಯಲು ಬಂದಿದ್ದ ನಿನ್ನೆಯ ಟವೆಲ್ಲೊಂದನ್ನು ಮೂಸಿ ನೋಡಿದಳು. “ಹೂಂ. ನೋವಿನ ಎಣ್ಣೆ. ನಡಿ ತಮ್ಮಾ.”

ಕೋಣೆಯ ಬಾಗಿಲಿಗೆ ಆ ಕುಟುಂಬದ ಯಜಮಾನರು, ಅಂದರೆ ಅಳಿಯಂದಿರ ಮಾವ, ಬರೆದು ಅಂಟಿಸಿದ್ದ ವೇಳಾಪಟ್ಟಿಯಿತ್ತು. ೭.೧೦ಕ್ಕೆ ಜಾರುಬಂಡೆ, ೭.೫೦ಕ್ಕೆ ಗೋಪುರ, ಹೀಗೇ ದಿನವೂ ರಾತ್ರಿ ಎಂಟರವರೆಗೆ ಇಪ್ಪತ್ತೊಂದು ಆಟ. ಮೂವತ್ತು ವರ್ಷ ಉಗ್ರಾಣ ನೋಡಿಕೊಂಡಿದ್ದ ಆ ಮಾವನವರಿಗೆ ಚೀಟಿ ಅಂಟಿಸದೆ ವಸ್ತು ಮುಟ್ಟಿಯೇ ಗೊತ್ತಿರಲಿಲ್ಲ. ‘ಕೊಡೆ — ೧’, ‘ನಡೆಯುವ ಕಾಲುಚೀಲ — ೧ ಜೊತೆ’ ಎಂಬ ಚೀಟಿಗಳು ಚೀಲಗಳ ಮೇಲೆ ಸಾಲಾಗಿದ್ದವು. ಯಜಮಾನರು ಬಾಲ್ಕನಿಯ ಕುರ್ಚಿಯಲ್ಲಿ ಬರಿಗಾಲಲ್ಲಿ ಕೂತಿದ್ದರು. ಕಂಬಿಯ ಮೇಲೆ ಕಾಲುಚೀಲ ಒಣಗುತ್ತಿತ್ತು. ಇಸ್ತ್ರಿ ಅಕ್ಕ ಅದರ ತುದಿಯನ್ನು ಎರಡು ಬೆರಳಲ್ಲಿ ಹಿಚುಕಿ, “ಎಲ್ಲರನ್ನೂ ಕರಿ. ಆ ಹುಡುಗೀನೂ ಬರಲಿ,” ಎಂದಳು.

ಯಜಮಾನರ ಹೆಂಡತಿ, ಮಗಳು, ಅಳಿಯ, ಮ್ಯಾನೇಜರ್ ಎಲ್ಲರೂ ಬಾಲ್ಕನಿಯಲ್ಲಿ ಸೇರಿದರು. ಕೋಣೆ ಗುಡಿಸುವವಳು ಅತ್ತು ಕೆಂಪಾದ ಕಣ್ಣಿನಲ್ಲಿ ಬಾಗಿಲಲ್ಲೇ ನಿಂತಳು.

“ಹತ್ತು ಗಂಟೆಗೆ ಈಕೆ ಕೆಲಸ ಹೋಗುತ್ತೆ,” ಎಂದಳು ಅಕ್ಕ.

ಯಜಮಾನರು ಗಡಬಡಿಸಿ ಎದ್ದರು. “ಕೆಲಸನಾ? ಯಾಕೆ? ನನಗೆ ಯಾರೂ ಹೇಳಲೇ ಇಲ್ಲವಲ್ಲ!”

“ಈಗ ಹೇಳಿದೆನಲ್ಲ, ಕೂತ್ಕೊಳ್ಳಿ. ಏಳು ಗಂಟೆಗೆ ಹೊರಡೋರು ಇರೋ ಒಂದೇ ಜೊತೆ ಕಾಲುಚೀಲ ಒಗೀತಾರಾ? ಇದು ಮುಕ್ಕಾಲು ಒಣಗಿದೆ. ಅಂದ್ರೆ ಒಗೆದದ್ದು ರಾತ್ರಿ. ಕೈಪಟ್ಟಿ ಕಳೆದದ್ದು ಬೆಳಿಗ್ಗೆ ಗೊತ್ತಾಯ್ತು. ಆದರೆ ಇವತ್ತು ಹೊರಡೋದಿಲ್ಲ ಅಂತ ರಾತ್ರಿನೇ ಒಬ್ಬರಿಗೆ ಗೊತ್ತಿತ್ತು. ಅವರ ಟವೆಲಲ್ಲಿ ಮಂಡಿಗೆ ಹಚ್ಚೋ ಎಣ್ಣೆ ವಾಸನೆ ಇದೆ. ಆ ಎಣ್ಣೆ ಸೀಸೆ ಇಡೋ ಡಬ್ಬಿ ಬೇರೆ ಯಾರೂ ಮುಟ್ಟಲ್ಲ. ತೆಗೀರಿ, ಯಜಮಾನರೇ.”

ಡಬ್ಬಿಯ ತಳದಲ್ಲಿ ಒಂದು ಲಕೋಟೆಯಿತ್ತು. ಅದರ ಮೇಲೆ ಗುಂಡಗಿನ ಅಕ್ಷರದಲ್ಲಿ ಬರೆದಿತ್ತು: ‘ಕೈಪಟ್ಟಿ — ೪. ಇಟ್ಟ ವೇಳೆ ರಾತ್ರಿ ೯.೨೦.’

“ಕದ್ದ ಮಾಲಿಗೂ ಚೀಟಿನಾ, ಮಾವ!” ಅಳಿಯಂದಿರು ಬಿದ್ದು ಬಿದ್ದು ನಕ್ಕರು.

“ನಾನೇ ಹಾಕಿದ ವೇಳಾಪಟ್ಟಿ,” ಯಜಮಾನರ ತಲೆ ತಗ್ಗಿತು. “ನನ್ನ ಕೈಲಾಗಲ್ಲ ಅಂತ ಯಾವ ಬಾಯಲ್ಲಿ ಹೇಳಲಿ? ನಿಮ್ಮ ಖುಷಿ ಕೆಡಿಸಬಾರದು ಅಂದ್ಕೊಂಡೆ.”

“ಖುಷಿ ಯಾರಿಗಿತ್ತು?” ಹೆಂಡತಿ ಸೊಂಟ ಹಿಡಿದು ಕೂತರು. “ನಿಮ್ಮ ಮುಖ ನೋಡಿ ನಾನೂ ಹಲ್ಲು ಕಚ್ಚಿ ಓಡ್ತಿದ್ದೆ.”

“ನಾನು ಗೋಪುರದ ಮೇಲೆ ಕಣ್ಣೇ ಬಿಟ್ಟಿಲ್ಲ, ಮಾವ,” ಎಂದರು ಅಳಿಯಂದಿರು. ಮರುಕ್ಷಣ ಅವರ ನಗು ಆರಿತು. ಬಾಗಿಲ ಕಡೆ ತಿರುಗಿ, “ನಿಮ್ಮ ಮೇಲೆ ಬೆರಳು ತೋರಿಸಿದ್ದು ನಾನು. ತಪ್ಪಾಯ್ತು,” ಎಂದರು.

ಯಜಮಾನರು ಎದ್ದು ಅವಳ ಮುಂದೆ ಕೈ ಜೋಡಿಸಿದರು. “ತಾಯಿ, ನನ್ನ ಸಂಕೋಚ ನಿನ್ನ ಅನ್ನಕ್ಕೆ ಕಲ್ಲು ಹಾಕ್ತಿತ್ತು. ಕ್ಷಮಿಸು.”

ಅವಳು ಸೆರಗಿನಲ್ಲಿ ಮುಖ ಒರೆಸಿಕೊಂಡು ಹೊರಗೆ ಹೋದಳು. ಗುಮಾಸ್ತ ಜೇಬಿನಲ್ಲಿದ್ದ, ಇನ್ನೂ ಬರೆಯದ ವರದಿಯ ಹಾಳೆಯನ್ನು ನಾಲ್ಕು ಚೂರು ಮಾಡಿದ. ಮ್ಯಾನೇಜರ್ ನೋಡುತ್ತಿದ್ದಂತೆಯೇ ಚೂರುಗಳನ್ನು ಕಸದ ಬುಟ್ಟಿಗೆ ಹಾಕಿದ.

ಹತ್ತು ಗಂಟೆಗೆ ಅವನು ಮತ್ತೆ ಆ ಕಡೆ ಹಾದುಹೋದಾಗ ಬಾಗಿಲ ಮೇಲೆ ಹೊಸ ಹಾಳೆಯಿತ್ತು: ‘೯.೧೦ — ಚಹಾ. ೧೦.೧೦ — ಇನ್ನೊಂದು ಚಹಾ. ಆಮೇಲೆ ನೋಡೋಣ.’ ಬಾಲ್ಕನಿಯಲ್ಲಿ ನಾಲ್ವರೂ ಕುರ್ಚಿಗೆ ಅಂಟಿಕೊಂಡಿದ್ದರು. ಪೊರಕೆ ಹಿಡಿದವಳು ಎದುರಿಗೆ ನಿಂತಿದ್ದಳು.

“ಕಾಲೆತ್ತಿ, ಯಜಮಾನ್ರೇ. ಗುಡಿಸ್ಬೇಕು.”

ಯಜಮಾನರು ಕೂತಲ್ಲೇ ಎರಡೂ ಕಾಲೆತ್ತಿದರು.

“ನಿಧಾನವಾಗಿ ಗುಡಿಸಮ್ಮಾ,” ಎಂದರು. “ಯಾರಿಗೂ ಅವಸರವಿಲ್ಲ.”