ಮೊದಲ ಕಹಿ ಅವನ ಪಾಲಿಗೆ

"ಬೇಡ."

ಅಷ್ಟೇ! ಪರದೆಯ ಮೇಲೆ ಒಂದೇ ಒಂದು ಪದ, ಕೆಳಗೆ ಫಾಬ್ರಿಸಿಯೊ ಎಂಬ ಹೆಸರು.

ನೊಯೇಲಿಯಾಳ ಕಿವಿ ಬಿಸಿಯಾಯಿತು. ಮೂರು ವಾರ ತಲೆ ಕೆಡಿಸಿಕೊಂಡು ಮಾಡಿದ ಕೆಲಸಕ್ಕೆ ಇದಾ ಉತ್ತರ? ಬಿಸಿನೀರಿನ ಫ್ಲಾಸ್ಕನ್ನು ಕಂಕುಳಲ್ಲಿ ಅವುಚಿಕೊಂಡೇ ಎದ್ದು ನಿಂತಳು.

"ಯಾರಿಲ್ಲಿ ಫಾಬ್ರಿಸಿಯೊ?"

ಕಿಟಕಿ ಪಕ್ಕದ ಮೇಜಿನಿಂದ ಒಂದು ಕೈ ಮೇಲೆದ್ದಿತು. ಮಣಿಕಟ್ಟಿನ ಮೇಲೆ ಕೆಂಪು ಕಲೆ...

ಅಯ್ಯೋ, ಇವನಾ!

ಬೆಳಿಗ್ಗೆ ಬಸ್ಸು ಗಕ್ಕನೆ ಬ್ರೇಕ್ ಹಾಕಿದಾಗ ಅವಳ ಫ್ಲಾಸ್ಕು ಜಾರಿತ್ತು. ಪಕ್ಕದಲ್ಲಿ ನಿಂತಿದ್ದವನೊಬ್ಬ ಅದನ್ನು ಗಾಳಿಯಲ್ಲೇ ಹಿಡಿದಿದ್ದ. ಬಿಸಿನೀರು ಕೈಮೇಲೆ ಚೆಲ್ಲಿದರೂ ನಕ್ಕು, "ಪರವಾಗಿಲ್ಲ, ನೀರು ಕುದಿಸಿಲ್ಲ. ಕುದಿನೀರು ಬಿದ್ರೆ ಮಾಟೆ ಎಲೆ ಕೆಡುತ್ತೆ. ಮಾಟೆ ಮಾಡೋಕೆ ಬರುತ್ತೆ ನಿಂಗೆ," ಅಂದಿದ್ದ. ಬಸ್ಸಿಳಿದ ಮೇಲೂ ಆ ನಗು ಅವಳ ಜೊತೆಗೇ ನಡೆದು ಬಂದಿತ್ತು.

ಈಗ ಆ ನಗುವಿನ ಸುಳಿವೇ ಇರಲಿಲ್ಲ.

"ಬೇಡ ಅಂದ್ರೆ ಏನರ್ಥ?" ಅವಳು ಕೇಳಿದಳು.

"ಇವತ್ತು ಬೇಡ ಅಂತ. ಶುಕ್ರವಾರದವರೆಗೂ ಕಾಯಿ."

"ಶುಕ್ರವಾರವೇ ಕಡೇ ದಿನ! ನನ್ನ ಕೆಲಸದಲ್ಲಿ ತಪ್ಪೇನಿದೆ, ತೋರಿಸು."

"ಒಂದು ಅನುಮಾನ ಇದೆ."

"ಏನು ಅನುಮಾನ?"

ಅವನು ಒಂದು ಕ್ಷಣ ಅವಳನ್ನೇ ನೋಡಿದ. "ಖಚಿತ ಆಗ್ದೆ ನಾನು ಏನೂ ಹೇಳಲ್ಲ."

ಎಂಥ ಜಂಬ! ಅವಳು ಸರ್ರನೆ ತಿರುಗಿ ಬಂದಳು.

ಅದು ಮಾಂಟೆವಿಡಿಯೊದ ಹಳೇ ಪೇಟೆಯಲ್ಲಿ, ಹಡಗುಕಟ್ಟೆಯ ಗಾಳಿ ನೇರ ನುಗ್ಗುವ ಬೀದಿಯಲ್ಲಿದ್ದ ಪುಟ್ಟ ಕಂಪನಿ. ಹಾಲಿನ ಲಾರಿಯ ಚಾಲಕರು ಹಟ್ಟಿ ಹಟ್ಟಿಯಲ್ಲಿ ತಮ್ಮ ಕೈಯಂತ್ರಕ್ಕೆ ಒತ್ತಿದ ಲೆಕ್ಕವೆಲ್ಲ ಇವರ ಪ್ರೋಗ್ರಾಂ ಮೂಲಕವೇ ಡೈರಿಗೆ ತಲುಪಬೇಕು. ಆ ಮಾಹಿತಿಯನ್ನು ಪೊಟ್ಟಣ ಕಟ್ಟಿ ಕಳಿಸುವುದಕ್ಕೆ, ಬಿಚ್ಚಿ ಓದುವುದಕ್ಕೆ ಲೈಬ್ರರಿ ಎಂಬ ಸಿದ್ಧ ಕೋಡಿನ ಕಟ್ಟೊಂದಿತ್ತು. ಅದರ ಹಳೇ ವರ್ಷನ್ನಿನಲ್ಲಿ ಕಳ್ಳರು ನುಸುಳುವಂಥ ತೂತು ಸಿಕ್ಕಿದೆ, ಶುಕ್ರವಾರದೊಳಗೆ ಹೊಸದು ಹಾಕಿ ಎಂದು ಡೈರಿಯವರು ಪಟ್ಟು ಹಿಡಿದಿದ್ದರು.

ಆ ಕೆಲಸ ನೊಯೇಲಿಯಾಳ ಪಾಲಿಗೆ ಬಂದಿತ್ತು. ಅವಳಿನ್ನೂ ಪರೀಕ್ಷೆಯ ಅವಧಿಯಲ್ಲಿದ್ದವಳು. ಇದು ಗೆದ್ದರೆ ಖಾಯಂ, ಸೋತರೆ ಅಮ್ಮನ ಹೊಲಿಗೆ ಅಂಗಡಿಯಲ್ಲಿ ಗುಂಡಿ ಹಚ್ಚುತ್ತಾ ಕೂರುವುದು. ಆದರೆ ಯಾರ ಬದಲಾವಣೆಯೂ ಇನ್ನೊಬ್ಬರು ಒಪ್ಪದೆ ಒಳಗೆ ಹೋಗುವಂತಿರಲಿಲ್ಲ. ಅವಳಿಗೆ ಸಿಕ್ಕ ಆ ಇನ್ನೊಬ್ಬ, ವಾರಗಟ್ಟಲೆ ಡೈರಿ ಊರುಗಳನ್ನು ಸುತ್ತಿ ಅವತ್ತಷ್ಟೇ ಆಫೀಸಿಗೆ ಮರಳಿದ್ದ ಫಾಬ್ರಿಸಿಯೊ.

"ಅವನಿಗೇನು ನನ್ನ ಮೇಲೆ ದ್ವೇಷಾನಾ?" ಯಜಮಾನಿ ಮಿರ್ತಾಳ ಹತ್ತಿರ ಗೊಣಗಿದಳು.

ಮಿರ್ತಾ ಕನ್ನಡಕದ ಮೇಲಿಂದ ನೋಡಿದಳು. "ಈ ಜಾಗಕ್ಕೆ ತನ್ನ ಗೆಳೆಯನ್ನ ತಗೊಳ್ಳಿ ಅಂತ ಕೇಳಿದ್ದ, ಮಗಳೇ. ನಾನೇ ಬೇಡ ಅಂದೆ. ಅದಕ್ಕೆ ಇರ್ಲಿಕ್ಕಿಲ್ಲ ಬಿಡು."

ಅದಕ್ಕೇ! ಬೆಳಗಿನ ಆ ನಗುವೂ ಸುಳ್ಳೇ ಹಾಗಾದರೆ...

ಎಲ್ಲರೂ ಒಂದೇ ಬುರುಡೆಯಿಂದ ಸರದಿಯಲ್ಲಿ ಕುಡಿಯುವ ಸಂಜೆಯ ಮಾಟೆ ಸುತ್ತಿನಲ್ಲಿ ನೀರು ಹೊಯ್ಯುವ ಸರದಿ ಅವಳದೇ ಆಗಿತ್ತು. ಸೋರೆಬುರುಡೆಯಲ್ಲಿ ಎಲೆಪುಡಿ ತುಂಬಿ, ಹೀರುವ ಬೆಳ್ಳಿಕೊಳವೆ ನೆಟ್ಟು, ಮೊದಲ ಕಹಿಯನ್ನು ಹೊಯ್ಯುವವರ ಪದ್ಧತಿಯಂತೆ ತಾನೇ ಕುಡಿದಳು. ಆಮೇಲೆ ಒಬ್ಬೊಬ್ಬರಿಗೂ ಕೊಟ್ಟಳು. ಮಿರ್ತಾ, ಅವಳಾದ ಮೇಲೆ ಫಾಬ್ರಿಸಿಯೊ...

ಅವನು ಕೈ ಚಾಚಿದ್ದ.

ಅವಳು ಬುರುಡೆಯನ್ನು ಅವನ ಮುಂದಿನಿಂದಲೇ ದಾಟಿಸಿ ಆಚೆಯವರಿಗೆ ಕೊಟ್ಟಳು.

ಸುತ್ತಿನಲ್ಲಿ ಕೂತವನನ್ನು ಹಾಗೆ ದಾಟಿ ಹೋಗುವುದೆಂದರೆ ಕೆನ್ನೆಗೆ ಹೊಡೆದ ಹಾಗೆ. ಜಗಳವಾಡಿದ ಅಣ್ಣತಮ್ಮಂದಿರೂ ಆ ಊರಿನಲ್ಲಿ ಹಾಗೆ ಮಾಡುವವರಲ್ಲ.

ಫಾಬ್ರಿಸಿಯೊ ಚಾಚಿದ ಕೈಯನ್ನು ಮೆಲ್ಲಗೆ ಹಿಂದಕ್ಕೆಳೆದುಕೊಂಡ.

'ಬೇಕಿತ್ತು ಅವನಿಗೆ!' ಎಂದುಕೊಂಡಳು. ಆದರೆ ಮನೆಗೆ ಹೋಗುವಾಗ ಬಸ್ಸಿನುದ್ದಕ್ಕೂ ಆ ಖಾಲಿ ಕೈಯೇ ಕಣ್ಣ ಮುಂದೆ ಇತ್ತು.

ಮಾರನೇ ದಿನ ಅವನು ಬರಲಿಲ್ಲ. ಶುಕ್ರವಾರ ಮಧ್ಯಾಹ್ನವಾದರೂ ಇಲ್ಲ. ಫೋನು ಎತ್ತುತ್ತಿಲ್ಲ.

ಮಿರ್ತಾ ಅವಳ ಕುರ್ಚಿಯ ಹಿಂದೆ ಬಂದು ನಿಂತಳು. "ಡೈರಿಯವರು ಆಗಲೇ ಎರಡು ಸಲ ಕೇಳಿದ್ರು. ಅವನ ಬದಲು ನಾನೇ ಒಪ್ಪಿಗೆ ಹಾಕಿದೀನಿ. ಟೆಸ್ಟೆಲ್ಲ ಪಾಸಾಗಿ ಹಸಿರಾಗಿದೆ ತಾನೇ? ಒತ್ತು, ಮುಗೀಲಿ."

ಬೆರಳು ಹೊಸದನ್ನು ಒಳಗೆ ಕಳಿಸುವ ಗುಂಡಿಯ ಮೇಲಿತ್ತು. ಒಂದು ಒತ್ತು... ಖಾಯಂ ಕೆಲಸ, ಅಮ್ಮನ ಮುಖದಲ್ಲಿ ನಗು!

ಆದರೆ... ದ್ವೇಷ ಇದ್ದವನು ಯಾಕೆ ಕಾಯಿ ಅನ್ನುತ್ತಾನೆ? ಸುಮ್ಮನೆ ಒಪ್ಪಿ ನನ್ನನ್ನು ಬೀಳಲು ಬಿಡಬಹುದಿತ್ತಲ್ಲ? ಕೈ ಸುಟ್ಟುಕೊಂಡು ಗೊತ್ತಿಲ್ಲದವಳ ಫ್ಲಾಸ್ಕು ಹಿಡಿದವನು...

ಬೆರಳು ತೆಗೆದಳು.

"ಮಿರ್ತಾ, ನಾನು ಒತ್ತಲ್ಲ. ಅವನು ಶುಕ್ರವಾರದವರೆಗೂ ಅಂದಿದ್ದ. ಶುಕ್ರವಾರ ಇನ್ನೂ ಮುಗಿದಿಲ್ಲ."

"ಹುಚ್ಚಿ! ನಿನ್ನ ಕೆಲಸ ಹೋಗುತ್ತೆ!"

"ಹೋಗ್ಲಿ." ಅಂದಳು.

ಮಿರ್ತಾ ಡೈರಿಯವರಿಗೆ ಏನು ಹೇಳಲಿ ಎಂದು ಹಣೆ ಉಜ್ಜಿಕೊಳ್ಳುತ್ತಿರುವಾಗಲೇ ಬಾಗಿಲು ದಡಾರನೆ ತೆರೆಯಿತು.

ಫಾಬ್ರಿಸಿಯೊ! ಮೊಣಕಾಲವರೆಗೂ ಕೆಸರು, ಮೈಯೆಲ್ಲಾ ಸಗಣಿ ವಾಸನೆ. ಕೈಯಲ್ಲಿ ಮೂಲೆ ಒಡೆದ ಹಳೇ ಕೈಯಂತ್ರ.

"ಹಾಕಿಬಿಟ್ರಾ?" ಬಾಗಿಲಿನಿಂದಲೇ ಕೇಳಿದ.

"ಇಲ್ಲ," ಅಂದಳು ನೊಯೇಲಿಯಾ. "ಕಾಯ್ತಾ ಇದ್ದೆ."

ಅವನು ಗೋಡೆಗೊರಗಿ ಕಣ್ಣು ಮುಚ್ಚಿದ. ಉಸಿರು ಬಿಟ್ಟದ್ದು ಕೋಣೆಗೆಲ್ಲ ಕೇಳಿಸಿತು.

"ಬಾ, ನೋಡು." ಯಂತ್ರವನ್ನು ಅವಳ ಕಂಪ್ಯೂಟರಿಗೆ ಜೋಡಿಸಿದ. "ಸಾನ್ ಹೋಸೆ ಕಡೆ ಒಂದೇ ಒಂದು ಲಾರೀಲಿ ಈ ಹಳೇದು ಇನ್ನೂ ಓಡ್ತಿದೆ. ಅದನ್ನ ಹಿಡಿಯೋಕೆ ಹಟ್ಟಿಯಿಂದ ಹಟ್ಟಿಗೆ ಅಲೆದೆ. ಫೋನಿಗೆ ಸಿಗ್ನಲ್ಲೂ ಇಲ್ಲ. ನಿನ್ನ ಹೊಸ ವರ್ಷನ್ನಿನಿಂದ ಇದನ್ನ ಓದಿಸು."

ಅವಳು ಓದಿಸಿದಳು. ಹಟ್ಟಿಯ ಹೆಸರು ಬಂತು. ಲೀಟರು ಬಂತು. ಎಲ್ಲಾ ಸರಿ.

"ಈಗ ಹಳೇದರಲ್ಲಿ."

ಕಡೆಯಲ್ಲಿ ಇನ್ನೊಂದು ಸಣ್ಣ ಅಂಕಿ ಕಾಣಿಸಿತು. ಅವಳು ಅದನ್ನು ಎಂದೂ ಕಂಡಿರಲಿಲ್ಲ.

"ಏನಿದು?"

"ಔಷಧಿಯ ಗುರುತು. ಕೆಚ್ಚಲುಬಾವು ಬಂದು ಔಷಧಿ ಚುಚ್ಚಿಸಿದ ಹಸುವಿನ ಹಾಲು, ಬೆರೆಸಬೇಡಿ ಅಂತ. ಯಾವ ಕಾಲದಲ್ಲೋ ಯಾರೋ ಈ ಹಳೇ ಯಂತ್ರಕ್ಕೆ ಸೇರಿಸಿದ್ದು. ನಮ್ಮ ಕೋಡಿನಲ್ಲಿ ಎಲ್ಲೂ ಬರೆದೇ ಇಲ್ಲ. ಹಳೇ ಲೈಬ್ರರಿ ತನಗೆ ಗೊತ್ತಿಲ್ಲದ್ದನ್ನೂ ಹಾಗೇ ದಾಟಿಸ್ತಿತ್ತು. ಹೊಸದು ಗೊತ್ತಿಲ್ಲದ್ದನ್ನ ಬಿಸಾಕುತ್ತೆ."

ನೊಯೇಲಿಯಾಳ ಕಣ್ಣು ತುಂಬಿ ಬಂತು. ಅವಳ ಟೆಸ್ಟುಗಳೆಲ್ಲ ಹೊಸ ಯಂತ್ರದ ಮಾಹಿತಿಯ ಮೇಲೆಯೇ ನಡೆದಿದ್ದವು. ಒತ್ತಿದ್ದರೆ... ಆ ಹಾಲು ಉಳಿದದ್ದರ ಜೊತೆ ಸೇರಿ, ಎಷ್ಟು ಮಕ್ಕಳ ಲೋಟಕ್ಕೆ...

"ಅಳಬೇಡ," ಅವನು ಮೆಲ್ಲಗೆ ಅಂದ. "ಏನೂ ಆಗಿಲ್ಲ. ನಿನ್ನ ಕೆಲಸ ಚೆನ್ನಾಗಿದೆ. ಈ ಗುರುತಿಗೂ ಒಂದು ಹೆಸರು ಕೊಟ್ಟು ಸೇರಿಸಿದ್ರೆ ಆಯ್ತು."

ಇಬ್ಬರೂ ಪಕ್ಕಪಕ್ಕ ಕೂತು ಸೇರಿಸಿದರು. ಈ ಸಲ ಹೊಸ ವರ್ಷನ್ನಿನಲ್ಲೂ ಆ ಪುಟ್ಟ ಅಂಕಿ ಮಿನುಗಿತು. ಪರದೆಯ ಮೇಲೆ ಅವನ ಉತ್ತರವೂ ಬಂತು: "ಸರಿ."

ಮಿರ್ತಾ ಡೈರಿಗೆ ಫೋನು ಮಾಡಿ ಎಲ್ಲ ಹೇಳಿದಳು. ಆ ಕಡೆಯ ಗದರಿಕೆ ನಡುವೆಯೇ ಧನ್ಯವಾದಕ್ಕೆ ತಿರುಗಿತು. ಸೋಮವಾರವೇ ಹಾಕಿ, ಸಾವಕಾಶ ಅಂದರು.

"ಶುಕ್ರವಾರ ಸಂಜೆ ಒತ್ತದ ಬುದ್ಧಿ ಇರೋರನ್ನ ನಾನು ಬಿಟ್ಟುಕೊಡಲ್ಲ," ಎಂದು ಮಿರ್ತಾ ಮೂಗು ಒರೆಸಿಕೊಂಡಳು. "ನೀನು ಖಾಯಂ, ಮಗಳೇ. ಇವನಿಗೆ ಮಾತ್ರ ಯಾರಾದ್ರೂ ಸ್ನಾನ ಮಾಡಿಸ್ರಪ್ಪ!"

ಸಂಜೆ ಕಡಲದಂಡೆಯ ಕಲ್ಲುಕಟ್ಟೆಯ ಮೇಲೆ ಕೂತಾಗ ಅವನ ಕೂದಲು ಇನ್ನೂ ಒದ್ದೆಯಿತ್ತು. ನೀರು, ಆಕಾಶ ಎರಡೂ ಒಂದೇ ಕಂದು ಬಣ್ಣ.

"ಮೊನ್ನೆ... ನಿನ್ನ ಕೈ..." ಅವಳು ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತಾ ಅಂದಳು.

"ಬಸ್ಸಿನಲ್ಲಿ ಸುಟ್ಟಿದ್ದಕ್ಕಿಂತ ಅದೇ ಜಾಸ್ತಿ ಉರೀತು," ಅಂದು ನಕ್ಕ. ಅದೇ ನಗು! "ನನ್ನದೂ ತಪ್ಪೇ. ಅನುಮಾನ ಏನು ಅಂತ ಅವತ್ತೇ ಹೇಳಬಹುದಿತ್ತು."

"ಖಚಿತ ಆಗ್ದೆ ಹೇಳಲ್ಲ ಅಲ್ವಾ ನೀನು?"

ಅವನು ಅವಳ ಕೈಯಿಂದ ಫ್ಲಾಸ್ಕು ತೆಗೆದುಕೊಂಡ. ಬುರುಡೆಗೆ ಎಲೆಪುಡಿ ತುಂಬಿ ನೀರು ಹೊಯ್ದ. ಮೊದಲ ಕಹಿಯನ್ನು ಕಣ್ಣು ಕಿರಿದು ಮಾಡಿಕೊಂಡು ತಾನೇ ಕುಡಿದ. ಎರಡನೆಯದನ್ನು ಹೊಯ್ದು ಅವಳತ್ತ ಚಾಚಿದ.

ಅವಳು ತೆಗೆದುಕೊಂಡಳು. ಬೆರಳಿಗೆ ಬೆರಳು ತಾಗಿತು. ಇಬ್ಬರೂ ಹಿಂದಕ್ಕೆಳೆಯಲಿಲ್ಲ.

"ಬಸ್ಸಿನಿಂದಲೂ ಒಂದು ಅನುಮಾನ ಇತ್ತು ನಂಗೆ," ಅಂದ ಅವನು. "ಹಟ್ಟಿಯಿಂದ ಹಟ್ಟಿಗೆ ಅಲೀತಿದ್ದಾಗ ಬರೀ ಹಾಲಿನ ಚಿಂತೆ ಆಗಿರ್ಲಿಲ್ಲ, ನೊಯೇಲಿಯಾ. ತಪ್ಪು ನಿನ್ನ ತಲೆ ಮೇಲೆ ಬಂದ್ರೆ ಅಂತ..."

"ಹ್ಞೂಂ... ಈಗ?" ಅವಳ ದನಿ ಪಿಸುಗುಟ್ಟಿತು. "ಈಗ ಖಚಿತ ಆಯ್ತಾ?"

"ಆಯ್ತು. ನಿಂಗೆ?"

ಅವಳು ಕೊನೆಯ ಹನಿಯವರೆಗೂ ಹೀರಿ ಬುರುಡೆಯನ್ನು ಅವನ ಅಂಗೈಯಲ್ಲಿಟ್ಟಳು.

"ಇನ್ನೊಂದು ಹೊಯ್ಯಿ," ಅಂದಳು. "ಇನ್ಮೇಲೆ ನಮ್ಮಿಬ್ಬರ ಸುತ್ತಿನಲ್ಲಿ ಯಾರನ್ನೂ ದಾಟಿ ಹೋಗೋ ಹಾಗಿಲ್ಲ."