ತಳದಲ್ಲಿ ಒಂದು ಸೌಟು

"ಇವತ್ತೂ ಉಬ್ಬಲಿಲ್ಲ," ಎಂದು ಅಜ್ಜಿ ಡಬ್ಬದ ಮುಚ್ಚಳ ಹಾಕಿದರು.

ನಿನ್ನೆ ಸಂಜೆ ರುಬ್ಬಿಟ್ಟ ಇಡ್ಲಿ ಹಿಟ್ಟು ಎಷ್ಟಿತ್ತೋ ಅಷ್ಟೇ ಇತ್ತು. ಮುಂಬಯಿ ಹತ್ತಿರದ ಡೊಂಬಿವಲಿಯಲ್ಲಿ ಅವರ ಮನೆಯಿದ್ದ ಬಿಲ್ಡಿಂಗಿನ ಕೆಳಗೇ ಮುಕ್ತಾಳ ಅಪ್ಪನ ಸಣ್ಣ ಹೋಟೆಲು. ಎರಡು ದಿನದಿಂದ ಅಲ್ಲಿ ಇಡ್ಲಿಗಳು ಕಲ್ಲಿನ ಹಾಗೆ ಬರುತ್ತಿದ್ದವು.

"ಚಳಿ ಅಮ್ಮ. ಜನವರಿ ಅಲ್ವಾ," ಎಂದರು ಅಪ್ಪ.

"ಹೋದ ವರ್ಷ ಜನವರಿ ಬರಲಿಲ್ವಾ, ವಸಂತ? ನನ್ನ ಕೈಗುಣ ಹೋಯ್ತು, ಅಷ್ಟೇ. ನಾಳೆಯಿಂದ ಪ್ಯಾಕೆಟ್ ಹಿಟ್ಟು ತರಿಸು. ನಾನಿನ್ನು ಹಿಟ್ಟಿಗೆ ಕೈ ಹಾಕುದಿಲ್ಲ."

ಅಜ್ಜಿ ಸಿಟ್ಟು ಮಾಡಿಕೊಂಡಿರಲಿಲ್ಲ. ಕೈ ಒರೆಸಿಕೊಂಡು ಬಾಲ್ಕನಿಗೆ ಹೋಗಿ ಕೂತರು.

ಐದನೇ ಕ್ಲಾಸಿನ ಮುಕ್ತಾ ನೆಲದ ಮೇಲೆ ಸೈನ್ಸ್ ಚಾರ್ಟ್ ಹರಡಿಕೊಂಡಿದ್ದಳು. 'ಮೊದಲು ಭೂಮಿಯ ಗಾಳಿಯಲ್ಲಿ ಆಕ್ಸಿಜನ್ ಇರಲಿಲ್ಲ. ಕಣ್ಣಿಗೆ ಕಾಣದ ಜೀವಿಗಳು ಕೋಟಿ ಕೋಟಿ ವರ್ಷ ಅದನ್ನು ಬಿಡುತ್ತಾ ಬಂದವು. ಗಾಳಿಯೇ ಬದಲಾಯಿತು. ಆ ಗಾಳಿಗೆ ಹೊಂದುವ ಹೊಸ ಜೀವಿಗಳು ಬಂದವು.' ಅಷ್ಟನ್ನು ಬರೆದಾಗಿತ್ತು. ಅಷ್ಟು ಸಣ್ಣವು ಇಷ್ಟು ದೊಡ್ಡ ಭೂಮಿಯನ್ನು ಹೇಗೆ ಬದಲಿಸಿದವು ಎಂದು ಟೀಚರ್ ಕೇಳಿದ್ದರು. ಅದರ ಉತ್ತರದ ಜಾಗ ಖಾಲಿಯಿತ್ತು.

ಅವಳು ಪೆನ್ಸಿಲ್ ಕೆಳಗಿಟ್ಟು ಮರಾಠಿಯಲ್ಲಿ ಹೇಳಿದಳು. "ಪಪ್ಪಾ, ಮೀ ತೋ ಡಬಾ ಧುತಲಾ."

"ಯಾವ ಡಬ್ಬ ತೊಳೆದೆ?"

"ಹಿಟ್ಟಿಂದು. ಮೊನ್ನೆ ಗುರುವಾರ. ತಳದಲ್ಲಿ ಹಳೇ ಹಿಟ್ಟಿತ್ತು, ಹುಳಿ ಸ್ಮೆಲ್ ಬರ್ತಿತ್ತು. ಸ್ಕೂಲಲ್ಲಿ ಹೇಳಿದ್ರು ಜರ್ಮ್ಸ್ ಇರ್ತವೆ ಅಂತ. ಬಿಸಿನೀರು, ಸೋಪು ಹಾಕಿ..."

ಅಪ್ಪ ಬಾಲ್ಕನಿಯ ಕಡೆ ನೋಡಿದರು. "ನನಗೆ ಹೇಳಿ ಎಂತ ಪ್ರಯೋಜನ? ಬಾಲ್ಕನಿಯಲ್ಲಿ ಹೇಳು."

ಮುಕ್ತಾ ಹೋಗಿ ಹೇಳಿದಳು. ಅಜ್ಜಿ ತಮ್ಮ ಕೈಯನ್ನೇ ತಿರುಗಿಸಿ ತಿರುಗಿಸಿ ನೋಡಿಕೊಂಡರು.

"ಆ ಒಂದು ಸೌಟು ಬೇಕಂತಲೇ ಬಿಡುದು ಮಾರಾಯ್ತಿ. ಹಳತು ಹೊಸತಕ್ಕೆ ಹುಳಿ ಹಿಡಿಸ್ತದೆ. ಹುಳಿ ಹಿಡಿದ ಮೇಲೆ ಕೊಳೆಸುವಂಥದ್ದು ಹತ್ತಿರ ಬರುದಿಲ್ಲ. ಮೂವತ್ತು ವರ್ಷದಿಂದ ಒಂದು ದಿನ ತಪ್ಪದೆ ಬಂದದ್ದು ಅದು."

"ಈಗ ಪೂರಾ ಹೋಯ್ತಾ?"

"ಇಲ್ಲಿ ಹೋಯ್ತು. ಠಾಕುರ್ಲಿಯಲ್ಲಿ ಇರಬಹುದು. ಅಲ್ಲಿ ಹೋಟೆಲು ಇಡುವಾಗ ನಮ್ಮ ಸರ್ವೋತ್ತಮ ನನ್ನಿಂದಲೇ ಒಂದು ಸೌಟು ಒಯ್ದಿದ್ದ."

ಅಪ್ಪನೂ ಮುಕ್ತಾಳೂ ಲೋಕಲ್ ಟ್ರೇನ್ ಹತ್ತಿದರು. ಠಾಕುರ್ಲಿಗೆ ಒಂದೇ ಸ್ಟೇಷನ್.

"ಬಾ ಬಾ," ಎಂದರು ಸರ್ವೋತ್ತಮ ಅಂಕಲ್, ಅಪ್ಪನಿಂದ ಎಲ್ಲ ಕೇಳಿ ಒಂದು ಸೌಟು ಹಿಟ್ಟು ಹಾಕಿಕೊಡುತ್ತಾ. "ಇದಕ್ಕೂ ಸ್ನಾನ ಮಾಡಿಸ್ತೀಯಾ ಹೇಗೆ?"

ಆ ಸಂಜೆ ಹೊಸದಾಗಿ ರುಬ್ಬಿದ ಹಿಟ್ಟಿಗೆ ಅದನ್ನು ಬೆರೆಸಿಟ್ಟರು. ಭಾನುವಾರ ಬೆಳಿಗ್ಗೆ ಹಿಟ್ಟು ಅರ್ಧ ಡಬ್ಬ ಏರಿತ್ತು. ಅಜ್ಜಿ ಬೆರಳಿಗೆ ಹಚ್ಚಿ ನೆಕ್ಕಿದರು.

"ಠಾಕುರ್ಲಿ ರುಚಿ. ಅವನ ಅಡುಗೆಮನೆಯಲ್ಲಿ ಸೆಕೆ ಜಾಸ್ತಿ, ಅದಕ್ಕೆ ಹೊಂದಿ ಇದರ ಹುಳಿಯೂ ಜಾಸ್ತಿ ಆಗಿದೆ. ನಮ್ಮಲ್ಲಿ ಸ್ವಲ್ಪ ದಿನ ಇರಲಿ, ನಮ್ಮದರ ಹಾಗೇ ಆಗ್ತದೆ."

ಮುಕ್ತಾ ಡಬ್ಬಕ್ಕೆ ಕಿವಿಯಿಟ್ಟಳು. ಒಳಗೆ ಸಣ್ಣ ಸಣ್ಣ ಗುಳ್ಳೆಗಳು ಒಡೆಯುತ್ತಿದ್ದವು. ಅವುಗಳಿಗೆ ಯಾವ ಅವಸರವೂ ಇದ್ದಂತೆ ಕೇಳಿಸಲಿಲ್ಲ. ಚಾರ್ಟಿನ ಖಾಲಿ ಜಾಗದಲ್ಲಿ ಏನು ಬರೆಯಬೇಕೆಂದು ಅವಳಿಗೆ ಹೊಳೆಯಿತು.

ಇಡ್ಲಿ ತಟ್ಟೆಗೆಲ್ಲ ಹಿಟ್ಟು ಹಾಕಿಯಾದ ಮೇಲೆ ಅಜ್ಜಿ ಡಬ್ಬವನ್ನು ಅವಳ ಮುಂದೆ ಸರಿಸಿದರು. ಮುಕ್ತಾ ಬಗ್ಗಿ ತಳ ನೋಡಿದಳು. ಒಂದು ಸೌಟಿನಷ್ಟು ಇತ್ತು. ಅದನ್ನು ಹಾಗೇ ಬಿಟ್ಟು, ಗಾಳಿ ಆಡುವಷ್ಟು ಸಡಿಲವಾಗಿ ಮುಚ್ಚಳ ಇಟ್ಟಳು.