ಅತ್ತೆಯ ತಲೆ

ಹಿತ್ತಲಿನ ಕದ ಹಾಕಿಕೊಂಡು ನಿಯೂರ್ಕಾ ಅವತ್ತೂ ಎಂದಿನಂತೆ ಅತ್ತೆಯ ತಲೆಯ ಕೆಲಸ ಮುಗಿಸಿದಳು. ತೊಳೆದು, ಸುರುಳಿ ಕಟ್ಟಿ, ಒಣಗಿಸಿ, ಬಿಸಿಗಾಳಿ ಹಿಡಿದು ಆ ಗುಂಗುರನ್ನೆಲ್ಲ ರೇಷ್ಮೆಯ ಹಾಗೆ ಇಳಿಬಿಟ್ಟು, ಕೊನೆಗೆ ಎಡಗಿವಿಯ ಹಿಂದಿನ ಬೋಳು ಜಾಗದ ಮೇಲೆ ಒಂದು ಜೊಂಪೆಯನ್ನು ಅಡ್ಡ ತಂದು ಪಿನ್ನು ಸಿಕ್ಕಿಸಿದಳು. ಊರೆಲ್ಲ ಗೌರವದಿಂದ ದೋನ್ಯಾ ಎಂದು ಕರೆಯುವ ಅತ್ತೆ ಕ್ರೂಸಿತಾ ಕೈಗನ್ನಡಿ ಎತ್ತಿ ಆ ಕಡೆ ಈ ಕಡೆ ತಿರುಗಿ ನೋಡಿಕೊಂಡಳು. ಕೂದಲು ಚೆನ್ನಾಗಿ ಬಂದಿದೆ ಅಂತ ಖಾತ್ರಿಯಾದ ಮೇಲೆ, ಕಾಫಿ ಕೇಳುವಷ್ಟು ಸಲೀಸಾಗಿ, "ನಿನ್ನ ಬಟ್ಟೆ ಚೀಲ ಬಾಗಿಲ ಹತ್ರ ಇಟ್ಟಿದೀನಿ. ಹೊರಡು" ಅಂದಳು.

ನಿಯೂರ್ಕಾಳ ಕೈಯಲ್ಲಿ ಬಾಚಣಿಗೆ ಹಾಗೇ ಉಳಿಯಿತು. ಗಂಡ ಎಲ್ವಿನ್ ಪಕ್ಕದ ಊರಿನ ಇನ್ನೊಬ್ಬಳ ಮನೆ ಸೇರಿಕೊಂಡು ತಿಂಗಳುಗಳೇ ಆಗಿದ್ದವು. ಆದರೂ ಅತ್ತೆ ತನ್ನನ್ನು ಇಟ್ಟುಕೊಂಡಿದ್ದಾಳಲ್ಲ, ಎಷ್ಟೇ ಬೈದರೂ ಒಳಗೆ ಕರುಳಿದೆ ಅಂದುಕೊಂಡಿದ್ದಳು ಪಾಪ! ಮಗನೇ ಬಿಟ್ಟವಳಿಗೆ ಈ ಮನೆಯಲ್ಲಿ ಏನು ಕೆಲಸ ಅಂತ ಅತ್ತೆ ಈಗ ಕೇಳುತ್ತಿದ್ದಳು. ಹೋಗಲಿ, ಹೋಗುತ್ತೇನೆ... ಮಗಳು ಯರೀಸಾ?

"ಮಗು ಇಲ್ಲೇ ಇರುತ್ತೆ. ನಿನಗೆ ಕೆಲಸ ಇದೆಯಾ, ಕಸುಬು ಇದೆಯಾ? ಗಾಳಿ ಕುಡಿಸಿ ಸಾಕ್ತೀಯಾ? ಒಂದು ಕೆಲಸ ಹಿಡಿದು ಬಾ, ಆಮೇಲೆ ಮಗು ಮಾತಾಡೋಣ."

ನೋಡಿ ಆ ಹೆಂಗಸಿನ ಎದೆಗಾರಿಕೆ! ತಲೆ ಮುಗಿಯುವವರೆಗೂ ಕಾದು ಕೂತಿದ್ದಳು. ಶುರುವಿಗೇ ಹೇಳಿ, ಸೊಸೆ ಅರ್ಧಕ್ಕೆ ಬಿಟ್ಟು ಎದ್ದರೆ ಗತಿಯೇನು! ಅಳುವ ಮಗುವನ್ನು ಒಳಗೆ ಹಾಕಿ ಚಿಲಕ ಜಡಿದ ಸದ್ದು ನಿಯೂರ್ಕಾಳ ಬೆನ್ನಿಗೆ ಬಡಿಯಿತು. ಬೀದಿ ತಿರುವಿನಲ್ಲಿ ನಿಂತು ಅವಳು ಒಮ್ಮೆ ಮಾತ್ರ ಹಿಂದೆ ನೋಡಿದಳು. ಈ ತಲೆ ಮತ್ತೆ ನನ್ನ ಕೈಗೆ ಬರಲಿ, ಅವತ್ತು ನೋಡಿಕೊಳ್ಳುತ್ತೇನೆ ಅಂತ ಹಲ್ಲು ಕಚ್ಚಿದಳು.

ಅವರ ಊರು ಸಾನ್ ಪೆದ್ರೊದಲ್ಲಿ ಬೀದಿಗೊಂದು ಬ್ಯೂಟಿ ಸಲೂನು. ಶನಿವಾರ ಬಂತೆಂದರೆ ಅನ್ನ ಬಿಟ್ಟಾರು, ತಲೆ ಮಾಡಿಸಿಕೊಳ್ಳುವುದನ್ನು ಬಿಡಲಾರರು ಅಲ್ಲಿಯ ಹೆಂಗಸರು. ಕೆಲಸಕ್ಕೇನು ಬರ ಅಂತ ನಿಯೂರ್ಕಾ ಚಿಕ್ಕಮ್ಮನ ಮನೆಯ ಮೂಲೆಯಲ್ಲಿ ಚೀಲ ಇಟ್ಟು ಹೊರಟಳು. ಹೋದಲ್ಲೆಲ್ಲ ಒಂದೇ ಪ್ರಶ್ನೆ: ಮೊದಲು ಯಾವ ಸಲೂನಿನಲ್ಲಿದ್ದೆ? ಎಲ್ಲೂ ಇಲ್ಲ ಅಂದರೆ ಬಾಗಿಲು ತೋರಿಸುತ್ತಿದ್ದರು. ಮೊದಲ ಕೆಲಸ ಕೊಡುವವರೇ ಇಲ್ಲದಿದ್ದರೆ ಅನುಭವ ಎಲ್ಲಿಂದ ಬರಬೇಕು, ಆಕಾಶದಿಂದ ಉದುರಬೇಕೇ?

ಕೊನೆಗೆ ಅವಳು ಹತ್ತಿದ್ದು ಮಾರುಕಟ್ಟೆ ಬೀದಿಯ ಫಿಯೋರ್ದಾಲಿಸಾಳ ಸಲೂನಿನ ಮೆಟ್ಟಿಲು. ಫಿಯೋರ್ದಾಲಿಸಾ ಬಾಯಿಬಡುಕಿ, ದಪ್ಪ ಹೆಂಗಸು, ಕೈ ಮಾತ್ರ ಚಿನ್ನ. ಅವಳೂ ಅದೇ ಕೇಳಿದಳು. ನಿಯೂರ್ಕಾಗೆ ರೋಸಿ ಹೋಗಿತ್ತು. ಮದುವೆಯಾಗಿ ಬಂದಾಗಿನಿಂದ ದೋನ್ಯಾ ಕ್ರೂಸಿತಾಳ ತಲೆ ಮಾಡಿದವಳು ನಾನೇ ಅಂದುಬಿಟ್ಟಳು. ಸಲೂನಿಗೆ ಸಲೂನೇ ಗೊಳ್ಳೆಂದಿತು. ಕ್ರೂಸಿತಾ ವಾರವಾರ ರಾಜಧಾನಿಗೆ ಹೋಗಿ ದೊಡ್ಡ ಸಲೂನಿನಲ್ಲಿ ಮಾಡಿಸಿಕೊಂಡು ಬರುತ್ತಾಳೆಂದು ಊರೇ ನಂಬಿತ್ತು. ಅವಳೇ ಹಾಗೆ ಡಂಗುರ ಸಾರಿದ್ದಳು. ನಿಜ ಗೊತ್ತಿದ್ದದ್ದು ನಿಯೂರ್ಕಾಗೆ ಮಾತ್ರ. ಹಿಂದೊಮ್ಮೆ, ಸೊಸೆ ಬರುವ ಮುಂಚೆ, ದೂರದ ಸಲೂನೊಂದರಲ್ಲಿ ಗುಂಗುರು ಬಿಡಿಸುವ ಮುಲಾಮು ಹಚ್ಚಿಸಿಕೊಳ್ಳುವಾಗ, ತಲೆ ಕೆರೆದುಕೊಂಡಿದ್ದೀರಾ ಅಂತ ಸಲೂನಿನವಳು ಕೇಳಿದ್ದಕ್ಕೆ ಜಂಬದಿಂದ ಇಲ್ಲ ಅಂದಿದ್ದಳು ಮುದುಕಿ. ಕೆರೆದ ಗಾಯಕ್ಕೆ ಮುಲಾಮು ಇಳಿದು ನೆತ್ತಿ ಸುಟ್ಟು ಆ ಜಾಗ ಶಾಶ್ವತವಾಗಿ ಬೋಳಾಗಿತ್ತು. ಅಂದಿನಿಂದ ಯಾವ ಸಲೂನಿಗೂ ತಲೆ ಕೊಟ್ಟವಳಲ್ಲ. ಸೊಸೆಯ ಕೈ, ಹಿತ್ತಲು, ಮುಚ್ಚಿದ ಕದ.

ಎಲ್ಲರೂ ನಗುತ್ತಿದ್ದರೂ ಫಿಯೋರ್ದಾಲಿಸಾ ನಗಲಿಲ್ಲ. ತಾನೇ ಹೋಗಿ ತಲೆ ತೊಳೆಯುವ ತೊಟ್ಟಿಯ ಮುಂದೆ ಕೂತು ತಲೆ ಹಿಂದಕ್ಕೆ ಚೆಲ್ಲಿ, ಬಾಯಲ್ಲಿ ಎಲ್ಲರೂ ಕೆಲಸ ಮಾಡುತ್ತಾರೆ, ಕೈ ತೋರಿಸು ಅಂದಳು. ನಿಯೂರ್ಕಾ ನಲ್ಲಿ ತಿರುಗಿಸಿ, ಮೊದಲು ತನ್ನ ಮಣಿಕಟ್ಟಿನ ಮೇಲೆ ನೀರು ಬಿಟ್ಟುಕೊಂಡು ನೋಡಿದಳು. ಸ್ವಲ್ಪ ಬಿಸಿಯಾದರೂ ಅತ್ತೆಯ ಮೊಣಕೈ ಹೊಟ್ಟೆಗೆ ಬೀಳುತ್ತಿತ್ತಲ್ಲ, ಆ ಭಯ ಇನ್ನೂ ಬೆರಳಲ್ಲಿತ್ತು. ಕಿವಿಗೆ ಹನಿ ನೀರು ಹೋಗದಂತೆ ಅಂಗೈ ಅಡ್ಡ ಇಟ್ಟು, ಉಗುರು ತಾಗಿಸದೆ ತೊಳೆದಳು. ಫಿಯೋರ್ದಾಲಿಸಾ ಗೊರಕೆ ಹೊಡೆಯತೊಡಗಿದಳು! ಎಚ್ಚರವಾದಾಗ ತಲೆಗೆ ಟವೆಲು ಸುತ್ತಿಕೊಂಡು ಎದ್ದು ಕೂತಳು.

"ಯಾರೋ ನಿನಗೆ ಬೈದು ಬೈದು ಕಲಿಸಿದ್ದಾರೆ ಕಣೇ ಹುಡುಗಿ. ನಾಳೆಯಿಂದ ಬಾ. ಪೊರಕೆ ನಿಂದು, ತೊಟ್ಟಿ ನಿಂದು. ಬಾಚಣಿಗೆ ಆಮೇಲೆ ನೋಡೋಣ."

ಅವತ್ತೇ ಸಂಜೆ ನಿಯೂರ್ಕಾ ಓಡಿಕೊಂಡು ಅತ್ತೆಯ ಮನೆಗೆ ಹೋದಳು. ಕೆಲಸ ಸಿಕ್ಕಿದೆ, ಮಗು ಕೊಡಿ ಅಂದಳು. ದೋನ್ಯಾ ಕ್ರೂಸಿತಾ ಕಿಟಕಿಯ ಸರಳಿನಾಚೆಯಿಂದಲೇ ನಕ್ಕಳು. ಬೇರೆಯವರ ಉದುರಿದ ಕೂದಲು ಗುಡಿಸುವುದೂ ಒಂದು ಕೆಲಸವೇ? ಕುರ್ಚಿಯ ಹಿಂದೆ ಬಾಚಣಿಗೆ ಹಿಡಿದು ನಿಲ್ಲುವ ದಿನ ಬಾ, ಅಂಥ ದಿನ ಬಂದರೆ ಅಂದಳು. ಒಳಗೆಲ್ಲೋ ಯರೀಸಾ ಅಮ್ಮಾ ಅಂತ ಕೂಗುತ್ತಿದ್ದಳು. ಕಿಟಕಿ ಮುಚ್ಚಿತು. ನಿಯೂರ್ಕಾ ಅಳಲಿಲ್ಲ, ಕಣ್ಣೀರನ್ನೂ ಬಡ್ಡಿಗೆ ಬಿಟ್ಟವಳಂತೆ ಒಳಗೇ ಇಟ್ಟುಕೊಂಡಳು.

ಗುಡಿಸಿದಳು, ತೊಳೆದಳು, ಟವೆಲು ಒಗೆದಳು, ಹಿರಿಯ ಹುಡುಗಿಯರು ಸುರುಳಿ ಸುತ್ತುವಾಗ ಪಿನ್ನು ಎತ್ತಿಕೊಟ್ಟಳು. ಕೈ ಸಾಲದ ಒಂದು ಹಬ್ಬದ ದಿನ ಫಿಯೋರ್ದಾಲಿಸಾ ಅವಳ ಕೈಗೆ ಬಾಚಣಿಗೆ ತುರುಕಿದಳು. ಆಮೇಲೆ ಆ ಬಾಚಣಿಗೆ ಅವಳ ಕೈ ಬಿಡಲಿಲ್ಲ. ಅದನ್ನು ಹೇಳಿ ಮಗು ಕೇಳಲು ಹೋದರೆ ಅತ್ತೆಯ ಕಿಟಕಿಯೇ ತೆರೆಯಲಿಲ್ಲ. ಇತ್ತ ದೋನ್ಯಾ ಕ್ರೂಸಿತಾ ಬೇಸಿಗೆಯ ಉರಿಯಲ್ಲೂ ತಲೆಗೆ ಸ್ಕಾರ್ಫ್ ಸುತ್ತಿಕೊಂಡು ಓಡಾಡುತ್ತಾಳೆ ಅಂತ ಸಲೂನಿಗೆ ಸುದ್ದಿ ಬರುತ್ತಿತ್ತು. ನಿಯೂರ್ಕಾ ತುಟಿ ಬಿಚ್ಚುತ್ತಿರಲಿಲ್ಲ. ಅತ್ತೆಯ ಕಿರಿಮಗನ ಮದುವೆ ಗೊತ್ತಾಗಿದೆ ಅಂತಲೂ ಸುದ್ದಿ ಬಂತು. ಮದುಮಗನ ತೋಳು ಹಿಡಿದು ಇಗರ್ಜಿಯ ನಡುವೆ ನಡೆಯಬೇಕಾದವಳು ತಾಯಿ. ಊರಿಗೆ ಊರೇ ಅವಳನ್ನು ಹಿಂದಿನಿಂದ ನೋಡುತ್ತದೆ. ಬಾ ಅತ್ತೆ, ಬಾ, ಎಲ್ಲಿಗೆ ಹೋಗ್ತೀಯಾ ಅಂತ ನಿಯೂರ್ಕಾ ಕಾದಳು.

ಬಂದಳು! ಮದುವೆಯ ದಿನ ಸಲೂನು ಗಿಜಿಗುಡುತ್ತಿರುವಾಗ ಸ್ಕಾರ್ಫ್ ಸುತ್ತಿದ ದೋನ್ಯಾ ಕ್ರೂಸಿತಾ, ಯರೀಸಾಳ ಕೈ ಹಿಡಿದುಕೊಂಡು ಒಳಗೆ ಕಾಲಿಟ್ಟಳು. ನಿಯೂರ್ಕಾ ಮಗಳತ್ತ ಧಾವಿಸಿದವಳು ಹಾಗೇ ನಿಂತುಬಿಟ್ಟಳು. ಬೆನ್ನ ತುಂಬ ಇಳಿಬೀಳುತ್ತಿದ್ದ ಮಗುವಿನ ಗುಂಗುರು ಎಲ್ಲಿ? ಕುರಿಗೆ ಹೊಡೆದ ಹಾಗೆ ಅಡ್ಡಾದಿಡ್ಡಿ ಕತ್ತರಿ ಹೊಡೆದಿದ್ದರು. "ಬಾಚೋಕೆ ಪುರುಸೊತ್ತಿಲ್ಲ ಅಂತ ಅಜ್ಜಿ ಕತ್ತರಿಸಿದ್ಳಮ್ಮ," ಅಂದಿತು ಮಗು, ತಪ್ಪು ತನ್ನದೇ ಎನ್ನುವಂತೆ ತಲೆ ಮುಟ್ಟಿಕೊಳ್ಳುತ್ತಾ. ಅಯ್ಯೋ ದೇವರೇ ಅಂತ ನಿಯೂರ್ಕಾ ಆ ಪುಟ್ಟ ತಲೆಯನ್ನು ಎದೆಗೆ ಒತ್ತಿಕೊಂಡಳು!

ಒಳಗಿನ ಪರದೆಯ ಹಿಂದೆ ಮಾಡು, ಯಾರಿಗೂ ಕಾಣಬಾರದು ಅಂತ ಮುದುಕಿ ಪಿಸುಗುಟ್ಟಿದಳು. ನಿಯೂರ್ಕಾ ಎಲ್ಲರ ನಡುವಿನ ಕುರ್ಚಿ ತೋರಿಸಿದಳು. ಹೊತ್ತಿರಲಿಲ್ಲ, ಮುದುಕಿ ಕೂತಳು. ನಿಯೂರ್ಕಾ ತಲೆ ತೊಳೆದು, ಬೋಳು ಜಾಗವನ್ನು ಒದ್ದೆ ಕೂದಲ ಅಡಿ ಅಡಗಿಸಿಟ್ಟು ಬಲಗಡೆಯ ಅರ್ಧ ತಲೆಯನ್ನು ಕನ್ನಡಿಯ ಹಾಗೆ ಹೊಳೆಯುವಂತೆ ಮಾಡಿದಳು. ಎಡಗಡೆ ಮುಳ್ಳುಪೊದೆಯಂತೆ ಕೆದರಿಯೇ ಇತ್ತು. ಆಮೇಲೆ ಬಿಸಿಗಾಳಿಯ ಯಂತ್ರ ಆರಿಸಿ, ಬಾಚಣಿಗೆ ಕೆಳಗಿಟ್ಟು ಕೈಕಟ್ಟಿ ನಿಂತಳು. ಹೊರಗೆ ಕಾರು ಹಾರ್ನು ಹೊಡೆಯುತ್ತಿತ್ತು.

"ಏನೇ ಇದು? ಮುಗಿಸೇ!"

"ಅವತ್ತು ನಾನು ಮುಗಿಸಿದ ಮೇಲೆ ನೀವು ಮಾತಾಡಿದ್ರಿ ಅತ್ತೆ. ಇವತ್ತು ನೀವು ಮಾತಾಡಿದ ಮೇಲೆ ನಾನು ಮುಗಿಸ್ತೀನಿ. ಇಷ್ಟು ವರ್ಷ ನಿಮ್ಮ ತಲೆ ಮಾಡಿದ್ದು ಯಾರು? ಇವರಿಗೆಲ್ಲ ಹೇಳಿ."

ಮುದುಕಿ ಕನ್ನಡಿಯಲ್ಲಿ ಸೊಸೆಯನ್ನು ಸುಡುವಂತೆ ನೋಡಿದಳು. ತುಟಿ ಮಾತ್ರ ಅಲುಗಿತು. ಡ್ರೈಯರ್ ಸದ್ದಿಗೆ ಏನೂ ಕೇಳಿಸಲಿಲ್ಲವಮ್ಮ ಅಂತ ಫಿಯೋರ್ದಾಲಿಸಾ ಹೋಗಿ ಒಂದೊಂದಾಗಿ ಎಲ್ಲ ಡ್ರೈಯರ್ ಆರಿಸಿದಳು. ಸುರುಳಿ ಕಟ್ಟಿಕೊಂಡ ಹೆಂಗಸರು ಕತ್ತು ಮುಂದೆ ಚಾಚಿದರು.

"ಇವಳೇ... ನಿಯೂರ್ಕಾ ಮಾಡ್ತಿದ್ದಳು. ನಾನು ರಾಜಧಾನಿಗೆ ಹೋಗಿದ್ದು ಸುಳ್ಳು."

"ಮಗು?"

"ಮಗು... ಇವತ್ತಿಂದ ಅಮ್ಮನ ಹತ್ರಾನೇ ಇರುತ್ತೆ..." ದನಿ ಒಡೆದು, ಬಳಿದ ಪೌಡರಿನ ಮೇಲೆ ಕಣ್ಣೀರು ಹರಿಯಿತು.

ನಿಯೂರ್ಕಾ ಬಾಚಣಿಗೆ ಎತ್ತಿಕೊಂಡಳು. ಎಡಗಡೆ ಮುಗಿಯುತ್ತ ಬಂದಾಗ ಕೈಯಲ್ಲಿ ಒಂದು ಪಿನ್ನು ಉಳಿದಿತ್ತು. ಅದನ್ನು ಸಿಕ್ಕಿಸದೆ ಬಿಟ್ಟರೆ ಸಾಕು, ಬಲಿಪೀಠದವರೆಗೂ ಊರು ನಗುತ್ತದೆ. ಮಗಳ ಅಡ್ಡಾದಿಡ್ಡಿ ಕತ್ತರಿಸಿದ ಕೂದಲು ಕನ್ನಡಿಯಲ್ಲಿ ಕಾಣುತ್ತಿತ್ತು. ಆದರೂ ಜೊಂಪೆಯನ್ನು ಅಡ್ಡ ತಂದು ಪಿನ್ನು ಸಿಕ್ಕಿಸಿದಳು. ದಯೆ ಅಂದುಕೊಳ್ಳಬೇಡಿ. ಆ ಬೋಳಿನ ಗುಟ್ಟು ಬಯಲಾದರೆ ಮುದುಕಿ ಯಾವ ಸಲೂನಿಗಾದರೂ ಹೋದಾಳು. ಮುಚ್ಚಿರುವವರೆಗೆ ಇದೇ ಕೈಗೆ ಬರಬೇಕು.

ಬರುತ್ತಾಳೆ ಕೂಡ. ಪ್ರತಿ ಶನಿವಾರ ದೋನ್ಯಾ ಕ್ರೂಸಿತಾ ಸರದಿಯ ಕೊನೆಯಲ್ಲಿ, ಬಾಗಿಲ ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಬಾಯಿ ಮುಚ್ಚಿಕೊಂಡು ಕೂತಿರುತ್ತಾಳೆ. ಯರೀಸಾಳ ಗುಂಗುರು ಕಿವಿಯವರೆಗೆ ಬೆಳೆದಿದೆ. ಅಜ್ಜಿಯನ್ನು ಕಂಡರೆ ಮಗು ಈಗಲೂ ಎರಡೂ ಕೈಯಿಂದ ತಲೆ ಮುಚ್ಚಿಕೊಂಡು ಅಮ್ಮನ ಹಿಂದೆ ಸರಿಯುತ್ತದೆ. ಅದನ್ನು ನೋಡಿದ ಶನಿವಾರ ನಿಯೂರ್ಕಾ ಮಣಿಕಟ್ಟಿನ ಮೇಲೆ ನೀರು ಬಿಟ್ಟು ನೋಡುವುದಿಲ್ಲ. ಸೀದಾ ನಲ್ಲಿ ತಿರುಗಿಸುತ್ತಾಳೆ.

"ನೀರು ಬಿಸಿಯಾಯ್ತಾ ಅತ್ತೆ?"

ಮುದುಕಿ ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡು, ಕುರ್ಚಿಯ ಕೈ ಹಿಡಿದುಕೊಳ್ಳುತ್ತಾಳೆ.

"ಇಲ್ಲ ಮಗಳೇ... ಸರಿಯಾಗಿದೆ."

ಬಿಸಿಯಾಗಿದೆ ಅಂತ ಇಬ್ಬರಿಗೂ ಗೊತ್ತು.